ಹನ್ನೊಂದು ಸಲ ಬರೆದ ‘ಸಂದಿದೆ’

ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೊಲೆ ಕೇಸಿನ ಕಥೆ ಕೇಳುತ್ತಾರೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ನಾನು ಸೇವೆ ಕಳೆದದ್ದೆಲ್ಲ ಸಿವಿಲ್ ಕಡೆ. ಹೊಲದ ಬದು, ಮನೆಯ ಗೋಡೆ, ಅಣ್ಣತಮ್ಮಂದಿರ ಪಾಲು, ಅಂಗಡಿ ಬಾಡಿಗೆ. ಅದರಲ್ಲೂ ನನ್ನ ಕೈಗೆ ಬಂದದ್ದು ಯಾರೂ ಓದದ ಜಾಗ, ತೀರ್ಪಿನ ಕಟ್ಟಕಡೆಯ ಸಾಲು. ಗೆದ್ದವರು ಯಾರು, ಸೋತವರು ಯಾರು ಎಂದು ಹೇಳಿ ಮುಗಿಸಿದ ಮೇಲೆ ನ್ಯಾಯಾಧೀಶರು ಇನ್ನೊಂದು ಮಾತು ಹೇಳಬೇಕಾಗುತ್ತದೆ: ಈ ದಾವೆಗೆ ಆದ ಖರ್ಚು ಯಾರ ತಲೆಯ ಮೇಲೆ? ಆ ಮಾತನ್ನು ಹಿಡಿದುಕೊಂಡು, ಕೋರ್ಟು ಫೀಜಿನಿಂದ ಸಾಕ್ಷಿಯ ಬಸ್ ಚಾರ್ಜಿನವರೆಗೆ ಪಟ್ಟಿ ಮಾಡಿ ಡಿಕ್ರಿಯ ಕೆಳಗೆ ಬರೆಯುವುದು ನನ್ನ ಕೆಲಸವಾಗಿತ್ತು.

ಈಚೆಗೆ ನಮ್ಮ ಜಿಲ್ಲೆಯ ಕೋರ್ಟುಗಳಿಗೆ ಹೊಸದಾಗಿ ಸೇರಿದ ನಾಲ್ಕು ಜನ ರಾಯಚೂರಿನ ನಮ್ಮ ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬಳು ಚಹಾ ಕುಡಿಯುತ್ತಾ, “ಮೇಡಂ, ಎಲ್ಲಾ ಕಂಪ್ಯೂಟರೇ ಮಾಡ್ತದ. ನಾವು ಬಟನ್ ಒತ್ತೋದಷ್ಟೇ. ಈ ಕೆಲಸದಾಗ ಕಲಿಯೋದು ಏನದ ಹೇಳ್ರಿ?” ಎಂದಳು. ಆವತ್ತು ನಕ್ಕು ಸುಮ್ಮನಾದೆ. ಅವರು ಹೋದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದಾಗ ಬರೆಯುವುದು ನನಗೆ ಮೊದಲಿನಿಂದಲೂ ಅಭ್ಯಾಸ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಪ್ಪ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲ. ಗಿರಣಿಯ ಹಿಂದಿನ ಸಾಲುಮನೆಯಲ್ಲಿ ನಾವು ಐದು ಮಂದಿ, ಗೋಡೆಯ ಮೇಲೆ ಬುದ್ಧನ ಒಂದು ಫೋಟೋ. ಬುದ್ಧನಿಗೆ ಪಾಯಸ ಉಣಿಸಿದವಳ ಹೆಸರೆಂದು ನನಗೆ ಸುಜಾತ ಎಂದು ಹೆಸರಿಟ್ಟದ್ದೂ ಆ ಫೋಟೋದ ಲೆಕ್ಕದಲ್ಲೇ. ನೌಕರಿಯ ಆರ್ಡರ್ ಬಂದ ದಿನ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಬರಿಯೋ ಕೆಲಸ ಅಂದ್ರ ಬೆನ್ನಿನ ಮ್ಯಾಲ ಏನೂ ಇರಂಗಿಲ್ಲಲ್ಲವ್ವಾ?” ಎಂದು ಕೇಳಿದ. ಇರುವುದಿಲ್ಲ ಎಂದೆ. ನಾನು ಹೇಳಿದ್ದು ತಪ್ಪು ಎಂದು ನನಗೆ ತಿಳಿಯಲು ಹದಿನೈದು ವರ್ಷ ಬೇಕಾಯಿತು.

ನನಗೆ ಖರ್ಚಿನ ವಿದ್ಯೆ ಕಲಿಸಿದವರು ರಾಯಚೂರಿನ ಶಿರಸ್ತೇದಾರ ಮೆಹಬೂಬ್ ಸಾಹೇಬರು. ಕಚೇರಿಯ ಗುಮಾಸ್ತರಿಗೆಲ್ಲ ಹಿರಿಯರು. ಮುಗಿದ ಕೇಸುಗಳ ಒಂದು ಕಟ್ಟು ನನ್ನ ಮುಂದೆ ಧೊಪ್ಪನೆ ಹಾಕಿ, “ಒಂದು ತಿಂಗಳು ಬರೀ ಕೊನೀ ಪೇಜ್ ಓದ್ರಿ. ಮ್ಯಾಲಿಂದು ಬ್ಯಾಡ” ಎಂದರು. ಕಥೆಯ ಕೊನೆಯನ್ನಷ್ಟೇ ಓದುವುದು ಯಾವ ಶಿಕ್ಷೆ ಎಂದುಕೊಂಡೆ. ಓದುತ್ತಾ ಹೋದಂತೆ ರುಚಿ ಹತ್ತಿತು.

ಅವರು ಹೇಳಿಕೊಟ್ಟದ್ದು ಮೂರು ಮಾತು. “ಸೋತವರು ಗೆದ್ದವರ ಖರ್ಚು ಕೊಡಬೇಕು, ಇದು ಕಾಯ್ದೆ. ಆದ್ರ ಕೊಡಸೋದು ಬಿಡೋದು ಜಡ್ಜ್ ಸಾಹೇಬ್ರ ಮರ್ಜಿ. ಮರ್ಜಿ ಕಾಯ್ದೆಕ್ಕಿಂತ ಬ್ಯಾರೆ ಇದ್ರ, ಯಾಕ ಅಂತ ಅವ್ರು ಬರೀಬೇಕು.” ಈ ಮೂರನೆಯ ಮಾತಿನಲ್ಲೇ ಎಲ್ಲ ಇದೆ ಎಂದು ಆ ಕೊನೆಯ ಪುಟಗಳು ನನಗೆ ತೋರಿಸಿದವು. ಅಣ್ಣತಮ್ಮಂದಿರ ಪಾಲಿನ ದಾವೆಯಲ್ಲಿ ಸಾಮಾನ್ಯವಾಗಿ ಅವರವರ ಖರ್ಚು ಅವರವರಿಗೆ. ಮುಂದೆಯೂ ಒಂದೇ ಊರಿನಲ್ಲಿ ಮುಖ ನೋಡಿಕೊಂಡು ಬಾಳಬೇಕಾದವರು, ಸೋಲಿನ ಮೇಲೆ ಇನ್ನೊಂದು ಬರೆ ಎಳೆಯುವುದು ಬೇಡ ಎಂದು. ಅರ್ಧ ಗೆದ್ದವರಿಗೆ ಅರ್ಧ ಖರ್ಚು. ಇನ್ನು ಕೆಲವರು ಪೂರ್ತಿ ಗೆದ್ದೂ ಖರ್ಚು ಕಳೆದುಕೊಳ್ಳುತ್ತಿದ್ದರು. ಗಿಲ್ಲೆಸುಗೂರಿನ ಒಬ್ಬ ರೈತ ಬದುವಿನ ಕೇಸು ಗೆದ್ದಿದ್ದ. ಆದರೆ ಕೋರ್ಟಿನಿಂದ ಅಳತೆಗೆ ಹೋದ ಕಮಿಷನರ್ ಸಾಹೇಬರನ್ನು ಎರಡು ಸಲ ಹೊಲದೊಳಗೆ ಕಾಲಿಡಲು ಬಿಟ್ಟಿರಲಿಲ್ಲ. ಎರಡನೆಯ ಸಲವಂತೂ ದಾರಿಗೆ ಎತ್ತು ಅಡ್ಡ ಕಟ್ಟಿದ್ದ. ಹೊಲ ನಿನ್ನದೇ, ಆದರೆ ಖರ್ಚೂ ನಿನ್ನದೇ ಎಂದು ತೀರ್ಪಾಗಿತ್ತು. ಅದನ್ನು ಓದಿ ನಾನು ಒಬ್ಬಳೇ ಜೋರಾಗಿ ನಕ್ಕಿದ್ದಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದ್ದರು.

ನನ್ನ ಮೊದಲ ಎಡವಟ್ಟು ಆದದ್ದು ಮಾನ್ವಿಗೆ ವರ್ಗವಾಗಿ ಹೋದ ಹೊಸತರಲ್ಲಿ. ಒಬ್ಬ ವಿಧವೆ ಮನೆಯ ಕೇಸನ್ನು ಖರ್ಚುಸಹಿತ ಗೆದ್ದಿದ್ದಳು. ವಕೀಲರಿಗೆ ಕೊಟ್ಟ ಫೀಜು ಸೋತವರಿಂದ ಬರಬೇಕಾದರೆ, ಇಷ್ಟು ಫೀಜು ಪಡೆದಿದ್ದೇನೆ ಎಂದು ವಕೀಲರು ಸರ್ಟಿಫಿಕೇಟು ಹಾಕಿರಬೇಕು. ಆಕೆಯ ವಕೀಲರು ಮರೆತಿದ್ದರು. ನಾನು ಪಾಪ ಎಂದು ಫೀಜನ್ನು ಪಟ್ಟಿಯಲ್ಲಿ ಸೇರಿಸಿಬಿಟ್ಟೆ. ಎದುರು ಪಕ್ಷದವರು ತಕರಾರು ತೆಗೆದರು, ಡಿಕ್ರಿ ತಿದ್ದಬೇಕಾಯಿತು. ವಿಷಯ ರಾಯಚೂರಿಗೂ ಮುಟ್ಟಿ ಮೆಹಬೂಬ್ ಸಾಹೇಬರು ಫೋನಿನಲ್ಲೇ ಝಾಡಿಸಿದರು. “ದಯಾ ಮನಿಯಾಗ ಇಟ್ಟು ಬರ್ರಿ ಸುಜಾತಮ್ಮ. ಕಾಗದ ಇದ್ರ ಖರೇ, ಇಲ್ಲಂದ್ರ ಇಲ್ಲ.”

ಈ ಮಾತನ್ನು ನಾನು ಮನಸ್ಸಿಗೆ ಎಷ್ಟು ಹಚ್ಚಿಕೊಂಡೆನೆಂದರೆ, ಆಮೇಲೆ ನನ್ನ ಪಟ್ಟಿಯಲ್ಲಿ ಒಂದು ಪೈಸೆಯ ತಪ್ಪು ಹುಡುಕಿದವರಿಲ್ಲ. ದೇವದುರ್ಗದಲ್ಲಿ ಒಬ್ಬ ಹಿರಿಯ ವಕೀಲರು “ಸುಜಾತಾ ಮೇಡಂ ಬರದ ಖರ್ಚಿನ ಪಟ್ಟಿ ಮ್ಯಾಲ ಅಪೀಲು ಇಲ್ರಿ” ಎಂದು ಎಲ್ಲರೆದುರು ಹೇಳಿದಾಗ ನನಗೆ ಕೊಂಬು ಮೂಡಿದ್ದೂ ನಿಜ. ಕವಿತಾಳದ ಒಬ್ಬ ಮುದುಕಪ್ಪ ಸಾಕ್ಷಿ ಹೇಳಿ ಕೆಳಗಿಳಿದಾಗ ಬಸ್ಸಿನ ಭತ್ತೆ ಕೊಡಹೋದೆ. “ಖರೇ ಹೇಳಿದ್ದಕ್ಕ ರೊಕ್ಕ ಇಸ್ಗೋಬೇಕೇನ್ರಿ?” ಎಂದು ಕೈ ಹಿಂದೆ ಕಟ್ಟಿಕೊಂಡ. ರೊಕ್ಕ ಬೇಡವಾದರೂ ಚಿಂತೆಯಿಲ್ಲ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೋಗಪ್ಪಾ ಎಂದು ಗಂಟುಬಿದ್ದವಳು ನಾನು. ಅಂಥ ಕಾಗದದ ಭಕ್ತೆಯಾಗಿದ್ದೆ.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ. ನಾನು ಕೆಲಸ ಮಾಡಿದ ಯಾವ ಕೋರ್ಟಿನಲ್ಲಿ ಇದು ನಡೆಯಿತು ಎಂದು ಹೇಳುವುದಿಲ್ಲ. ಎಲ್ಲ ಊರಿನವರೂ ನಮ್ಮದಲ್ಲ ಎಂದುಕೊಂಡು ನೆಮ್ಮದಿಯಾಗಿರಲಿ. ಹೆಸರುಗಳನ್ನೂ ಬದಲಾಯಿಸಿದ್ದೇನೆ, ನನ್ನದೊಂದು ಬಿಟ್ಟು.

ಹುಲಿಗೆಮ್ಮ ಐವತ್ತರ ಹೆಂಗಸು. ತನ್ನ ಹಳ್ಳಿಯಲ್ಲಿ ಮನೆಯ ಪಕ್ಕ ಒಂದು ಪತ್ರಾಸಿನ ತಗಡಿನ ಶೆಡ್ಡು ಹಾಕಿ, ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಪಕ್ಕದಲ್ಲಿ ಗೊಬ್ಬರದ ಅಂಗಡಿ. ಲಾರಿ ನಿಲ್ಲಿಸಿ ಮಾಲು ಇಳಿಸಲು ಅಂಗಡಿಯವನಿಗೆ ಆ ಶೆಡ್ಡಿನ ಜಾಗ ಬೇಕಿತ್ತು. ಜಾಗ ತನ್ನದು, ಈಕೆ ಒತ್ತಿಕೊಂಡಿದ್ದಾಳೆ ಎಂದು ದಾವೆ ಹೂಡಿದ. ಅವನು ವಾದಿ, ಈಕೆ ಪ್ರತಿವಾದಿ.

ದಾವೆ ಹೂಡಿದವನಿಗೆ ಅದನ್ನು ನಡೆಸುವ ಆತುರವಿರಲಿಲ್ಲ. ಸಾಕ್ಷಿ ಬಂದಿಲ್ಲ, ದಾಖಲೆ ಸಿಕ್ಕಿಲ್ಲ, ವಕೀಲರಿಗೆ ಮೈ ಹುಷಾರಿಲ್ಲ ಎಂದು ಅವನ ಕಡೆಯವರು ವಾಯಿದೆ, ಅಂದರೆ ಇನ್ನೊಂದು ತಾರೀಖು, ಕೇಳುತ್ತಲೇ ಇದ್ದರು. ಹುಲಿಗೆಮ್ಮ ಮಾತ್ರ ತಾರೀಖು ಬಂತೆಂದರೆ ಒಲೆ ಆರಿಸಿ, ಶೆಡ್ಡಿಗೆ ಕೀಲಿ ಹಾಕಿ, ಎರಡು ಬಸ್ಸು ಬದಲಾಯಿಸಿ ಬಂದು ಕೂರುತ್ತಿದ್ದಳು. ಆಕೆ ಬಂದ ದಿನ ಆ ನಾಲ್ಕು ಹೆಣ್ಣುಮಕ್ಕಳಿಗೂ ಕೂಲಿಯಿಲ್ಲ. ಸಂಜೆ ವಾಪಸು ಹೋದರೆ ಊರವರು “ಏನಾತು?” ಎನ್ನುವುದು, ಈಕೆ “ವಾಯಿದಿ” ಎನ್ನುವುದು. ಕೊನೆಕೊನೆಗೆ ಊರಿನಲ್ಲಿ ಮಾತು ತಿರುಗಿತು. ಅವಳ ಹತ್ತಿರ ಕಾಗದ ಸರಿ ಇಲ್ಲ, ಅದಕ್ಕೇ ಎಳೆಯುತ್ತಿದ್ದಾಳೆ ಎಂದು. ಕೆಲಸಕ್ಕೆ ಬರುತ್ತಿದ್ದ ಒಬ್ಬ ಹುಡುಗಿಯ ಅವ್ವ “ತಕರಾರಿನ ಜಾಗದಾಗ ಬ್ಯಾಡ” ಎಂದು ಮಗಳನ್ನು ಬಿಡಿಸಿಕೊಂಡು ಹೋಗಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಆಕೆ ಮೂರನೆಯ ಬೆಂಚಿನ ತುದಿಯಲ್ಲಿ ಕೂರುವ, ಕೈಯಲ್ಲಿ ಸುಟ್ಟ ಕಲೆಗಳಿದ್ದ ಒಬ್ಬ ಹೆಂಗಸು, ಅಷ್ಟೇ.

ಹೀಗೆ ವಾಯಿದೆ ಕೇಳಿದಾಗ ನ್ಯಾಯಾಧೀಶರು ಸುಮ್ಮನೆ ಕೊಡುವುದಿಲ್ಲ. ಎದುರು ಪಕ್ಷದವರು ಬಂದು ಹೋದ ಖರ್ಚನ್ನು ಕೊಡಿ ಎಂದು ಷರತ್ತು ಹಾಕುತ್ತಾರೆ. ಮುಂದಿನ ತಾರೀಖಿಗೆ ಅದನ್ನು ಕೊಡದೆ ಕೇಸು ಮುಂದಕ್ಕೆ ನಡೆಸುವಂತಿಲ್ಲ. ಕಾಯ್ದೆ ಗಟ್ಟಿಯಾಗಿದೆ. ಆದರೆ ನಮ್ಮಲ್ಲಿ ನಡೆಯುತ್ತಿದ್ದ ಪದ್ಧತಿಯೇ ಬೇರೆ. ಮುಂದಿನ ತಾರೀಖಿಗೆ ಕೇಸು ಕೂಗಿದಾಗ, ನ್ಯಾಯಾಧೀಶರ ಮುಂದಿನ ಮೇಜಿನಲ್ಲಿ ಕೂತ ನಾನು “ಖರ್ಚು?” ಎನ್ನುತ್ತಿದ್ದೆ. ಎದುರು ಪಕ್ಷದ ವಕೀಲರು ತಲೆಯಾಡಿಸಿ ಅಂಚಿನಲ್ಲಿ ಸಹಿ ಹಾಕುತ್ತಿದ್ದರು. ನಾನು ‘ಖರ್ಚು ಸಂದಿದೆ’ ಎಂದು ಬರೆಯುತ್ತಿದ್ದೆ. ರೊಕ್ಕ ಮಾತ್ರ ಯಾರ ಜೇಬಿನಿಂದಲೂ ಹೊರಬರುತ್ತಿರಲಿಲ್ಲ. ಇವತ್ತು ಅವರಿಗೆ ವಾಯಿದೆ ಬೇಕು, ನಾಳೆ ನನಗೆ ಬೇಕು, ದಿನಾ ಒಂದೇ ಕೋಣೆಯಲ್ಲಿ ಚಹಾ ಕುಡಿಯುವ ವಕೀಲರು ಒಬ್ಬರಿಂದೊಬ್ಬರು ಇದನ್ನು ಇಸಿದುಕೊಳ್ಳುವುದು ಸಣ್ಣತನ ಎಂಬ ಭಾವನೆ. ಯಾರೂ ಕದಿಯುತ್ತಿರಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದರು. ನನಗೂ ಅಂಚಿನಲ್ಲಿ ಸಹಿ ಸಿಗುತ್ತಿತ್ತು, ಸಹಿ ಸಿಕ್ಕರೆ ಕಾಗದ ಸರಿಯಾಯಿತು.

ವಾದ ಮುಗಿದು, ಹುಲಿಗೆಮ್ಮನ ಕೇಸನ್ನು ತೀರ್ಪಿಗೆಂದು ಮುಂದಿನ ತಾರೀಖಿಗೆ ಇಟ್ಟ ದಿನ. ಊಟದ ಬಿಡುವಿನಲ್ಲಿ ಕೋರ್ಟ್ ಹಾಲ್ ಖಾಲಿಯಾಗಿತ್ತು. ಆಕೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಅಕ್ಕಾರ, ಒಂದು ಮಾತು ಕೇಳ್ಲೇನ್ರಿ?”

“ಕೇಳವ್ವಾ.”

“ಸಾಹೇಬ್ರು ಅವ್ರಿಗೆ ಎಷ್ಟೋ ಸಲ ‘ಖರ್ಚು ಕೊಡ್ರಿ, ಆಮ್ಯಾಲ ಮುಂದ ನಡಸ್ರಿ’ ಅಂದ್ರಲ್ರಿ. ಆ ಖರ್ಚು ಯಾರಿಗೆ ಹೋಗ್ತದ? ಸರಕಾರಕ್ಕೇನು?”

“ಸರಕಾರಕ್ಕಲ್ಲ ಯವ್ವಾ, ನಿನಗ. ನಿನಗ ಬಂದದಲ್ಲ?”

“ನನಗಾ?” ಆಕೆ ನಕ್ಕೇಬಿಟ್ಟಳು. “ನನಗ ಬಂದಿದ್ರ ನಿಮ್ಮನ್ನ ಯಾಕ ಕೇಳ್ತಿದ್ನಿ?”

ನಾನು ಕಡತ ತೆಗೆದು ಪುಟ ತಿರುವಿದೆ. ಎಣಿಸಿದೆ. ಹನ್ನೊಂದು ಸಲ ‘ಖರ್ಚು ಸಂದಿದೆ’. ಹನ್ನೊಂದೂ ನನ್ನ ದುಂಡನೆಯ ಅಕ್ಷರದಲ್ಲಿ, ಅಂಚಿನಲ್ಲಿ ಆಕೆಯ ವಕೀಲರಾದ ಚನ್ನಬಸಪ್ಪನವರ ಸಹಿ. ಬಂದದ್ದಾಗಿ ಇಲ್ಲಿ ಬರೆದಿದೆ ಎಂದೆ. ಎಲ್ಲಿ ತೋರಿಸಿ ಎಂದಳು. ಓದು ಬಾರದವಳು. ನಾನು ಒಂದರ ಮೇಲೆ ಬೆರಳಿಟ್ಟೆ. ಆಕೆ ಬಗ್ಗಿ ಬಹಳ ಹೊತ್ತು ನೋಡಿದಳು.

“ಇದನ್ನ ಬರದವ್ರು ಯಾರ್ರಿ?”

“ನಾನಽ.”

“ನೋಡಿ ಬರದ್ರೇನು?”

ಜಗಳದ ದನಿಯಲ್ಲಿ ಕೇಳಿದ್ದಲ್ಲ ಅದು. ನಾನು ನೋಡಿರಬಹುದು, ತನಗೇ ಮರೆತಿರಬಹುದು ಎಂಬಂತೆ ಕೇಳಿದಳು. ಕೋರ್ಟಿನ ನೌಕರಿಯಲ್ಲಿ ಜಡ್ಜರಿಂದ ಬೈಸಿಕೊಂಡಿದ್ದೇನೆ, ವಕೀಲರ ಕೂಗಾಟ ಕೇಳಿದ್ದೇನೆ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಆ ಒಂದು ಪದದಿಂದ ಏನಾಗುತ್ತದೆ ಎಂದು ಆಕೆಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಆಕೆ ಗೆದ್ದು, ಖರ್ಚುಸಹಿತ ಡಿಕ್ರಿಯಾದರೂ, ಈಗಾಗಲೇ ಸಂದ ವಾಯಿದೆ ಖರ್ಚನ್ನು ಪಟ್ಟಿಯಲ್ಲಿ ಸೇರಿಸುವಂತಿಲ್ಲ. ಸಂದಿಲ್ಲ ಎಂದಿದ್ದರೆ ಕೋರ್ಟು ಬೇರೆ ಆದೇಶವನ್ನೇ ಬರೆದು ವಸೂಲಿಗೆ ಕೊಡಬಹುದು. ಅಂದರೆ ನನ್ನ ಅಕ್ಷರ ಆಕೆಯ ಎರಡೂ ಬಾಗಿಲು ಮುಚ್ಚಿತ್ತು. ರೊಕ್ಕದ ಮಾತು ಹಾಗಿರಲಿ. ಅವನು ಹನ್ನೊಂದು ಸಲ ಎಳೆದ, ಹನ್ನೊಂದು ಸಲವೂ ಆಕೆಗೆ ಭರ್ತಿ ಮಾಡಿಕೊಟ್ಟ ಎಂದು ಕಡತ ಹೇಳುತ್ತಿತ್ತು. ಹಾಗಿದ್ದರೆ ಆಕೆಗೆ ಆದ ಅನ್ಯಾಯವೇನು? ಎಳೆದಾಟದಲ್ಲಿ ಆಕೆ ಕಳೆದುಕೊಂಡದ್ದನ್ನೆಲ್ಲ ನಾನೇ ಬರೆದು ಅಳಿಸಿಹಾಕಿದಂತಾಗಿತ್ತು.

ಆ ಸಂಜೆ ಮನೆಯಲ್ಲಿ ಉಣ್ಣದೆ ಮಲಗಿದೆ. ಹೆದರಿಕೆಯಾಗಿತ್ತು, ಮುಚ್ಚಿಡುವುದೇನಿದೆ. ಕೋರ್ಟಿನ ಕಡತದಲ್ಲಿ ಸುಳ್ಳು ಬರೆದೆ ಎಂದು ನಾನೇ ಒಪ್ಪಿಕೊಂಡರೆ ಇಂಕ್ರಿಮೆಂಟು ಹೋಗಬಹುದು, ನೌಕರಿಯೇ ಹೋಗಬಹುದು. ನಮ್ಮ ವಂಶದಲ್ಲಿ ತಿಂಗಳ ಪಗಾರ ಕಂಡ ಮೊದಲನೆಯವಳು ನಾನು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅಂಚಿನಲ್ಲಿ ಸಹಿ ಇದೆ. ಬೆನ್ನಿನ ಮೇಲೆ ಏನೂ ಇರುವುದಿಲ್ಲವಲ್ಲ ಎಂದು ಅಪ್ಪ ಕೇಳಿದ್ದು ಆಗ ನೆನಪಾಯಿತು. ಎದ್ದು ಕೂತು ಒಂದು ಪುಟದ ಟಿಪ್ಪಣಿ ಬರೆದೆ. ಹನ್ನೊಂದು ಸಲವೂ ರೊಕ್ಕ ಕೈ ಬದಲಾದದ್ದನ್ನು ನಾನು ಕಂಡಿಲ್ಲ, ವಕೀಲರು ತಲೆಯಾಡಿಸಿದ್ದು ನೋಡಿ ಬರೆದಿದ್ದೇನೆ ಎಂದು.

ಆಗ ನಮ್ಮ ನ್ಯಾಯಾಧೀಶರು ಮೈಸೂರು ಕಡೆಯವರು. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಸಾಕ್ಷಿಯೊಬ್ಬ “ಬರಾಕತ್ತಿದ್ನಿ” ಎಂದರೆ ನನ್ನ ಕಡೆ ನೋಡುತ್ತಿದ್ದರು. ನಗುವ ಪೈಕಿಯವರಲ್ಲ. ಬೆಳಿಗ್ಗೆ ಅವರ ಚೇಂಬರಿನಲ್ಲಿ ಟಿಪ್ಪಣಿ ಇಟ್ಟೆ. ಎರಡು ಸಲ ಓದಿದರು.

“ಇದನ್ನ ಬರೀರಿ ಅಂತ ಯಾರಾದ್ರೂ ಹೇಳಿದ್ರಾ?”

“ಯಾರೂ ಇಲ್ರಿ ಸರ್.”

“ನಿಮಗೆ ಮೆಮೊ ಕೊಡಬೇಕಾಗುತ್ತೆ, ಗೊತ್ತಲ್ವಾ?”

“ಗೊತ್ತದ್ರಿ.”

“ಸರಿ. ಕೇಸನ್ನ ಸ್ಪಷ್ಟೀಕರಣಕ್ಕೆ ಅಂತ ನಾಡಿದ್ದು ಹಾಕಿ. ಎರಡೂ ಕಡೆಯವರು ಬರ್ಲಿ.”

ಆ ದಿನ ಕೋರ್ಟ್ ಹಾಲ್ ತುಂಬಿತ್ತು. ಸುದ್ದಿ ಹೇಗೋ ಹರಡಿತ್ತು. ನ್ಯಾಯಾಧೀಶರು ನನ್ನ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು. ಆಮೇಲೆ ಚನ್ನಬಸಪ್ಪನವರನ್ನು ನೋಡಿದರು. ಎಪ್ಪತ್ತು ದಾಟಿದ, ಎಲ್ಲರೂ ಕೈ ಮುಗಿಯುವ ವಕೀಲರು. ಹುಲಿಗೆಮ್ಮನಿಂದ ಅವರು ಪೂರ್ತಿ ಫೀಜು ಸಹ ತೆಗೆದುಕೊಂಡಿರಲಿಲ್ಲ. ಸಹಿ ಇದೆ, ಕಡತ ಮಾತಾಡುತ್ತದೆ ಎಂದು ಅವರು ಸುಮ್ಮನೆ ಕೂತಿದ್ದರೆ ನನ್ನ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ. ಅವರು ಮೇಜು ಹಿಡಿದುಕೊಂಡು ಎದ್ದರು.

“ಸಹಿ ನಂದೇ ಸ್ವಾಮಿ. ರೊಕ್ಕ ಮುಟ್ಟಿಲ್ಲ. ಅವ್ರು ಕೊಟ್ಟಿಲ್ಲ, ನಾನು ಕೇಳಿಲ್ಲ. ನಾನು ವಕೀಲಿ ಶುರು ಮಾಡಿದಾಗಿಂದ ಹಿಂಗಽ ನಡದದ.”

“ಬೇಡ ಅನ್ನೋಕೆ ಮುಂಚೆ ನಿಮ್ಮ ಕಕ್ಷಿದಾರರನ್ನ ಕೇಳಿದ್ರಾ?”

“ಇಲ್ಲ ಸ್ವಾಮಿ. ಕೇಳಬೇಕು ಅಂತ ಹೊಳೀಲೇ ಇಲ್ಲ.” ಅವರು ಹಿಂದೆ ತಿರುಗಿ ಮೂರನೆಯ ಬೆಂಚಿನ ಕಡೆ ಕೈ ಮುಗಿದರು. “ತಪ್ಪಾತು ಯವ್ವಾ.”

ಹುಲಿಗೆಮ್ಮ ಗಡಿಬಿಡಿಯಿಂದ ಎದ್ದು ನಿಂತು, “ಅಯ್ಯ, ನೀವ್ಯಾಕ ಕೈ ಮುಗಿತೀರಿ ಯಪ್ಪಾ” ಎಂದಳು. ಅಂಥ ವಕೀಲರನ್ನೂ ನಾನು ಕಂಡಿದ್ದೇನೆ ಎಂದು ಹೇಳಿಕೊಳ್ಳುವುದು ನನಗೆ ಹೆಮ್ಮೆ.

ವಾದಿಯ ವಕೀಲರು ಮೊದಲು ತಕರಾರು ಮಾಡಿದರು, ಆಮೇಲೆ ಅವರೂ ಒಪ್ಪಿದರು. ಒಂದು ವಾರದ ನಂತರ ತೀರ್ಪು. ದಾವೆ ಖರ್ಚುಸಹಿತ ವಜಾ. ಹನ್ನೊಂದು ನಮೂದುಗಳು ವಾಸ್ತವಕ್ಕೆ ಸರಿಯಿಲ್ಲದ್ದರಿಂದ ಅವನ್ನು ರದ್ದು ಮಾಡಿ, ಆ ಖರ್ಚಿಗೆ ಬೇರೆ ಆದೇಶ ಬರೆಯತಕ್ಕದ್ದು. ಕಾರಣವನ್ನೂ ಬರೆದಿದ್ದರು: ಪ್ರತಿವಾದಿ ಒಮ್ಮೆಯೂ ವಾಯಿದೆ ಕೇಳಿಲ್ಲ, ದಾವೆಯನ್ನು ಎಳೆದವನು ವಾದಿಯೇ. ಈ ಸಾಲನ್ನು ಹುಲಿಗೆಮ್ಮ ನನ್ನಿಂದ ಮೂರು ಸಲ ಓದಿಸಿದಳು. ಮೂರನೆಯ ಸಲ ತುಟಿ ಅಲುಗಿಸಿ ಜೊತೆಗೇ ಹೇಳಿದಳು, ಊರಿನಲ್ಲಿ ತಪ್ಪಿಲ್ಲದೆ ಹೇಳಬೇಕಲ್ಲ.

ಅದೇ ದಿನ ನನಗೆ ಮೆಮೊ ಬಂತು. ನಿರ್ಲಕ್ಷ್ಯದಿಂದ ನಮೂದು ಮಾಡಿದ್ದೀರಿ, ಮುಂದೆ ಎಚ್ಚರ ವಹಿಸತಕ್ಕದ್ದು. ಅಷ್ಟರಲ್ಲೇ ಮುಗಿಸಿದ್ದರು. ಬಡ್ತಿಯ ಆದೇಶಗಳನ್ನು ಎಲ್ಲಿಟ್ಟೆನೋ ನೆನಪಿಲ್ಲ. ಈ ಮೆಮೊ ಮಾತ್ರ ಟ್ರಂಕಿನಲ್ಲಿ, ಅಪ್ಪನ ಫೋಟೋದ ಜೊತೆ ಇದೆ.

ನ್ಯಾಯಾಧೀಶರು ಪದ್ಧತಿಯನ್ನೂ ಬದಲಾಯಿಸಿದರು. ವಾಯಿದೆ ಖರ್ಚು ಪಕ್ಷಕಾರರ ಕೈಗೇ, ಕೋರ್ಟ್ ಹಾಲ್‌ನಲ್ಲೇ, ಅವರ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ. ಅವರು ಬಂದಿಲ್ಲದಿದ್ದರೆ ಕೋರ್ಟಿನಲ್ಲಿ ಕಟ್ಟಿ ರಸೀದಿ ಪಡೆಯಬೇಕು. ವಕೀಲರು ನನ್ನ ಮೇಲೆ ಮುನಿಸಿಕೊಂಡರು. ಕಾರಿಡಾರಿನಲ್ಲಿ ನಾನು ಕಂಡರೆ “ಸಂದಿದೆ ಮೇಡಂ ಬಂದ್ರು” ಎಂದು ಕಿಚಾಯಿಸುತ್ತಿದ್ದರು. ಎರಡು ತಿಂಗಳು ಯಾರೂ ನನಗೆ ಚಹಾ ಹೇಳಲಿಲ್ಲ. ಆದರೆ ಜೇಬಿನಿಂದ ನಿಜವಾಗಿ ರೊಕ್ಕ ಹೋಗತೊಡಗಿದ ಮೇಲೆ, ವಕೀಲರ ಮೈ ಹುಷಾರಾಗತೊಡಗಿತು, ಕಳೆದ ದಾಖಲೆಗಳು ಸಿಗತೊಡಗಿದವು. ಚನ್ನಬಸಪ್ಪನವರೇ ಒಂದು ದಿನ ಕರೆದು, “ಚಹಾ ತಗೋರಿ ಮೇಡಂ, ಇದರ ಖರ್ಚು ಖರೇನಽ ನಂದು” ಎಂದರು.

ಮೊನ್ನೆ ಮನೆಗೆ ಬಂದಿದ್ದ ಮಕ್ಕಳಿಗೆ ಹೇಳುವುದಿಷ್ಟೇ. ನಿಮ್ಮ ಪರದೆಯ ಮೇಲೂ ಖರ್ಚು ಸಂದಿದೆಯೋ ಇಲ್ಲವೋ ಎಂದು ಕೇಳುವ ಜಾಗ ಇದ್ದೇ ಇರುತ್ತದೆ. ಒತ್ತುವ ಮುಂಚೆ ತಲೆ ಎತ್ತಿ ಬೆಂಚಿನ ಕಡೆ ನೋಡಿ. ವಕೀಲರ ಮುಖವಲ್ಲ, ಅವರ ಹಿಂದೆ ಕೂತವರ ಮುಖ. ಮೆಹಬೂಬ್ ಸಾಹೇಬರು ನನಗೆ ಎಲ್ಲವನ್ನೂ ಕಲಿಸಿದರು, ಇದೊಂದನ್ನು ಕಲಿಸಿದವಳು ಹುಲಿಗೆಮ್ಮ. ಅದನ್ನೂ ಆಕೆ ಒಂದೇ ಸಲಕ್ಕೆ ಕಲಿಸಿ ಬಿಡಲಿಲ್ಲ.

ಗೊಬ್ಬರದ ಅಂಗಡಿಯವನು ವಸೂಲಿಯವರೆಗೆ ಹೋಗದೆ ರೊಕ್ಕ ಕೊಡಲು ಬಂದ ದಿನದ ಮಾತು ಇದು. ಹೊಸ ಪದ್ಧತಿಯ ಮೊದಲ ಪಾವತಿ. ನ್ಯಾಯಾಧೀಶರು ಪೀಠದ ಮೇಲಿದ್ದರು. ಅವನು ನೋಟಿನ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, “ಎಲ್ಲಾ ಒಟ್ಟಿಗೇ ಅದ, ಎಣಿಸಿಕೊಂಡು ಬಿಡ್ರಿ” ಎಂದ. ಹುಲಿಗೆಮ್ಮ ಒಟ್ಟಿಗೆ ಬೇಡ ಎಂದಳು.

“ಒಂದೊಂದು ತಾರೀಖು ಓದ್ರಿ ಅಕ್ಕಾರ. ಕೇಳಿ ಹೆಬ್ಬಟ್ಟು ಒತ್ತತೀನಿ.”

ನ್ಯಾಯಾಧೀಶರ ಕಡೆ ನೋಡಿದೆ, ಅವರು ಓದಿ ಎಂದು ಸನ್ನೆ ಮಾಡಿದರು. ನಾನು ಒಂದೊಂದೇ ಓದಿದೆ. ಆಕೆಗೆ ಒಂದೊಂದೂ ನೆನಪಿತ್ತು. “ಹೌದ್ರಿ, ಎಳ್ಳ ಅಮಾಸಿ ಮರದಿನ. ಹಿಟ್ಟು ನಾದಿಟ್ಟು ಬಂದಿದ್ನಿ, ಎಲ್ಲಾ ಹುಳಿ ಆಗಿತ್ತು.” ಹೆಬ್ಬೆಟ್ಟು. “ಹೌದ್ರಿ, ಅವತ್ತು ಬಸ್ ಕೆಟ್ಟು ನಡಕೋತ ಬಂದಿದ್ನಿ.” ಹೆಬ್ಬೆಟ್ಟು. ಅಂಗಡಿಯವನು ನೆಲ ನೋಡುತ್ತಿದ್ದ. ಇಡೀ ಕೋರ್ಟ್ ಹಾಲ್ ಕೇಳುತ್ತಿತ್ತು. ಏಳನೆಯದನ್ನು ಓದಿದಾಗ ಆಕೆ ಬೆರಳು ಹಿಂದೆ ತೆಗೆದಳು.

“ಇದು ನಂದಲ್ರಿ.”

“ಯಾಕವ್ವಾ? ಆದೇಶದಾಗ ಅದ.”

“ಅವತ್ತು ಮಗಳ ಹೆರಿಗೆ ಇತ್ರಿ. ನಾನು ಬಂದಿರಲಿಲ್ಲ, ವಕೀಲ್ರು ಒಬ್ರೇ ಇದ್ರು. ಬರದ ದಿನದ್ದು ನನಗ್ಯಾಕ?”

ನಾನು ಕಡತ ನೋಡಿದೆ. ಆ ದಿನ ಪ್ರತಿವಾದಿ ಬಂದಿಲ್ಲ ಎಂದು ಎಲ್ಲೂ ಇರಲಿಲ್ಲ. ವಕೀಲರು ನಿಂತಿದ್ದರೆ ನಾನು ಬೆಂಚಿನ ಕಡೆ ನೋಡುತ್ತಲೇ ಇರಲಿಲ್ಲವಲ್ಲ. ಹನ್ನೊಂದನ್ನೂ ಹುಡುಕಿ ತಿದ್ದಿದೆ ಎಂದು ಬೀಗುತ್ತಿದ್ದವಳ ಕಣ್ಣಿಗೆ ಈ ಒಂದು ಬಿದ್ದಿರಲಿಲ್ಲ.

ಅಂಗಡಿಯವನಿಗೇ ಸಂಕೋಚವಾಯಿತು. “ಇರಲಿ ತಗೋ, ನಾನೇನೂ ಅನ್ನಂಗಿಲ್ಲ” ಎಂದ.

“ಇವತ್ತು ಅನ್ನಂಗಿಲ್ಲ. ನಾಳಿ ಊರಾಗ ‘ಬರದಿದ್ರೂ ಒಂದು ಇಸ್ಗೊಂಡ್ಳು’ ಅಂದ್ರ ಉಳದ ಹತ್ತೂ ಸುಳ್ಳಾಗ್ತಾವ. ಆ ಒಂದು ನೀನಽ ಇಟ್ಕೋ ಯಪ್ಪಾ, ನನಗ ಹತ್ತು ಖರೇ ಇರಲಿ.”

ನ್ಯಾಯಾಧೀಶರು ನನ್ನ ಕಡೆ ನೋಡಿದರು. ಈ ಸಲ ಆಕೆಯ ಮಾತು ಅವರಿಗೆ ಪೂರ್ತಿ ತಿಳಿದಿತ್ತು. “ಹೇಳಿದ ಹಾಗೇ ಬರೀರಿ” ಎಂದರು.

ಬರೆದೆ. ಹತ್ತು ತಾರೀಖಿನ ಖರ್ಚು ಪ್ರತಿವಾದಿಯ ಕೈಗೆ ಸಂದಿದೆ. ಒಂದು ತಾರೀಖಿನದು, ತಾನು ಅಂದು ಬಂದಿರಲಿಲ್ಲವೆಂದು ಪ್ರತಿವಾದಿ ಹೇಳಿದ್ದರಿಂದ, ಸಂದಿಲ್ಲ. ಓದಿ ಹೇಳಿದೆ. ಆಕೆ ಬಗ್ಗಿ ಆ ಸಾಲಿನ ಮೇಲೆ, ಶಾಯಿ ಹತ್ತದಂತೆ, ಬೆರಳು ಹಿಡಿದಳು.

“ನೋಡಿ ಬರದ್ರೇನು ಅಕ್ಕಾರ?”

“ನೋಡಿ ಬರದೀನಿ ಯವ್ವಾ” ಎಂದೆ.